ಮೀನು ಮೊದಲೇ ಬಂದಾಗಿದೆ, ನೀರು ಇನ್ನೂ ಪಳಗಬೇಕು

ತಮ್ಮಾ, ಗಾಜಿನ ತೊಟ್ಟಿ, ಫಿಲ್ಟರ್, ಬಣ್ಣದ ಹರಳು, ಆರು ಮೀನು, ಎಲ್ಲವನ್ನೂ ಮಿರಜಿನಿಂದ ಒಂದೇ ದಿನ ತಂದು ಅಂದು ಸಂಜೆಯೇ ನೀರಿಗೆ ಬಿಟ್ಟಿದ್ದೀಯ. ಈಗ ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆಯುತ್ತಿವೆ. ನೀರು ಇಷ್ಟು ತಿಳಿಯಾಗಿರುವಾಗ ಏನಾಯಿತು ಎಂದು ಕೇಳುತ್ತೀಯ. ತಿಳಿನೀರನ್ನು ನಂಬಬೇಡ. ಮೀನನ್ನು ಕೊಲ್ಲುವ ಅಮೋನಿಯಾ ಕಣ್ಣಿಗೆ ಕಾಣುವುದಿಲ್ಲ, ಅಷ್ಟು ಕಡಿಮೆ ಪ್ರಮಾಣದಲ್ಲಿ ಮೂಗಿಗೂ ತಿಳಿಯುವುದಿಲ್ಲ.

ಮೀನು ಕಿವಿರುಗಳಿಂದಲೇ ಅಮೋನಿಯಾ ಹೊರಹಾಕುತ್ತದೆ. ಅದರ ಹಿಕ್ಕೆ, ತಿನ್ನದೆ ತಳ ಸೇರಿದ ಕಾಳು ಕೊಳೆತರೂ ಅದೇ ಹುಟ್ಟುತ್ತದೆ. ಕೃಷ್ಣೆಯಲ್ಲಾದರೆ ಹರಿದು ಹೋದೀತು, ನಿನ್ನ ಐವತ್ತು ಲೀಟರಿನಲ್ಲಿ ಎಲ್ಲಿಗೆ ಹೋಗಬೇಕು? ಕಬ್ಬು ಬೆಳೆಯುವ ಮನೆಯ ಹುಡುಗ ನೀನು, ಇದು ನಿನಗೆ ತೀರಾ ಹೊಸತಲ್ಲ. ನಿಮ್ಮಪ್ಪ ಹೊಲಕ್ಕೆ ಹಾಕುವ ಯೂರಿಯಾ ಮಣ್ಣಿನಲ್ಲಿ ಮೊದಲು ಅಮೋನಿಯಾ, ಬಳಿಕ ನೈಟ್ರೈಟ್, ಕೊನೆಗೆ ನೈಟ್ರೇಟ್ ಆಗುತ್ತದೆ. ಈ ಕೆಲಸ ಮಾಡುವ ಸೂಕ್ಷ್ಮಜೀವಿಗಳನ್ನು 1890ರ ಸುಮಾರಿಗೆ ಸರ್ಗೈ ವಿನೊಗ್ರಾಡ್‌ಸ್ಕಿ ಎಂಬ ರಷ್ಯನ್ ವಿಜ್ಞಾನಿ ಮಣ್ಣಿನಿಂದಲೇ ಬೇರ್ಪಡಿಸಿ ತೋರಿಸಿದ. ತೊಟ್ಟಿಯಲ್ಲೂ ಅದೇ ಬಳಗ ಬೇಕು. ನೈಟ್ರೊಸೊಮೊನಾಸ್ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ನೈಟ್ರೊಸ್ಪೈರಾ ಅದನ್ನು ಮೀನಿಗೆ ಅಷ್ಟೇನೂ ಬಾಧಿಸದ ನೈಟ್ರೇಟ್ ಮಾಡುತ್ತದೆ. ಹೊಲದಲ್ಲಿ ಅವು ಮೊದಲೇ ಮನೆ ಮಾಡಿಕೊಂಡಿವೆ. ಹೊಸ ಗಾಜು, ತೊಳೆದ ಹರಳು, ಹೊಸ ಸ್ಪಂಜಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು, ಚಳಿಗಾಲದಲ್ಲಿ ಇನ್ನೂ ಹೆಚ್ಚು. ಟ್ಯಾಂಕ್ ಸೈಕಲ್ ಆಗಬೇಕು ಎಂದು ಮೀನು ಸಾಕುವವರು ಹೇಳುವುದು ಇದನ್ನೇ.

ಅಲ್ಲಿಯವರೆಗೆ ಆ ಜೀವಿಗಳ ಕೆಲಸ ನಿನ್ನ ಕೈಯಲ್ಲಿದೆ. ದಿನಾ ಕಾಲು ಭಾಗ ನೀರು ಬದಲಿಸು. ನಳದ ನೀರಿಗೆ ಬ್ಲೀಚಿಂಗ್ ಪೌಡರ್ ಹಾಕಿರುತ್ತಾರೆ, ಅದು ಮೀನಿನ ಕಿವಿರನ್ನೂ ಸುಡುತ್ತದೆ, ನೀನು ಸಾಕುತ್ತಿರುವ ಸೂಕ್ಷ್ಮಜೀವಿಗಳನ್ನೂ ಕೊಲ್ಲುತ್ತದೆ. ಹಿಂದಿನ ದಿನವೇ ಅಗಲ ಬಾಯಿಯ ಬಕೆಟಿನಲ್ಲಿ ಹಿಡಿದಿಡು. ಮರುದಿನ ಪೈಪಿನ ಒಂದು ತುದಿಯನ್ನು ಹರಳಿನೊಳಗೆ ಇಳಿಸಿ ಎಳೆದರೆ ಕಂದು ಕೊಳೆ ಹೊರಗೆ ಬರುತ್ತದೆ, ಅದನ್ನು ಅಂಗಳದ ತೆಂಗಿನ ಬುಡಕ್ಕೆ ಸುರಿ. ಹೊಸ ನೀರನ್ನು ಒಮ್ಮೆಲೇ ಹೊಯ್ಯಬೇಡ, ತಂಬಿಗೆಯಿಂದ ನಿಧಾನವಾಗಿ ಇಳಿಸು.

ಬೋರಿನ ನೀರು ಬಳಸುವುದಾದರೆ ಇನ್ನಷ್ಟು ಎಚ್ಚರ. ನಮ್ಮ ಕಪ್ಪು ನೆಲದ ಬೋರುಗಳಲ್ಲಿ ಹೆಚ್ಚಾಗಿ ಗಡಸು ನೀರು, ಕ್ಷಾರದ ಅಂಶವೂ ಇರುತ್ತದೆ. ಪಿಎಚ್ 7ರಿಂದ 8ಕ್ಕೆ ಏರಿದರೆ ಅಷ್ಟೇ ಅಮೋನಿಯಾದಲ್ಲಿ ವಿಷಕಾರಿ ಭಾಗ ಸುಮಾರು ಒಂಬತ್ತು ಪಟ್ಟಾಗುತ್ತದೆ. ಬಿಸಿಲಿಗೆ ನೀರು ಕಾದಷ್ಟೂ ಅದು ಹೆಚ್ಚುತ್ತದೆ. ಕಿಟಕಿಯ ಪಕ್ಕದಿಂದ ತೊಟ್ಟಿಯನ್ನು ಇಂದೇ ಸರಿಸು. ಅಮೋನಿಯಾ ಪರೀಕ್ಷೆಯ ಹನಿಬಾಟಲಿ ಒಂದನ್ನು ಕೊಂಡುಕೋ, ಬಣ್ಣದ ಹರಳಿಗೆ ಹಾಕಿದ ದುಡ್ಡಿಗಿಂತ ಇದು ಸಾರ್ಥಕ. ಅಮೋನಿಯಾ 0.25 ಪಿಪಿಎಂ ದಾಟಿದರೆ ಅಂದೇ ಇನ್ನೊಮ್ಮೆ ನೀರು ಬದಲಿಸು, ನಾಳೆಗೆ ಬಿಡಬೇಡ.

ಕಾಳು ಕಡಿಮೆ ಮಾಡು. ದಿನ ಬಿಟ್ಟು ದಿನ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಸಾಕು. ಹಸಿವಿನಿಂದ ಮೀನು ಇಷ್ಟರಲ್ಲಿ ಸಾಯುವುದಿಲ್ಲ, ಉಳಿದ ಕಾಳಿನಿಂದ ಸಾಯುತ್ತದೆ. ನಿನ್ನ ಎರಡು ಗೋಲ್ಡ್‌ಫಿಶ್ ಗಲೀಜು ಮಾಡುವುದರಲ್ಲಿ ಗಪ್ಪಿಗಳನ್ನು ಎಷ್ಟೋ ಮೀರಿಸುತ್ತವೆ, ಬೆಳೆದ ಮೇಲೆ ಈ ತೊಟ್ಟಿ ಅವಕ್ಕೆ ಸಾಲದು. ದೊಡ್ಡ ತೊಟ್ಟಿ ಇರುವ ಗೆಳೆಯನಿಗೆ ಕೊಟ್ಟುಬಿಡು. ಬೇಡವಾದ ಮೀನನ್ನು ಹೊಳೆಗೆ ಮಾತ್ರ ಬಿಡಬೇಡ. ಅವನ ತೊಟ್ಟಿಯ ಮೀನು ಆರೋಗ್ಯವಾಗಿದ್ದರೆ ಅಲ್ಲಿಯ ಹಳೆಯ ಸ್ಪಂಜಿನ ತುಂಡೊಂದನ್ನು ಒದ್ದೆಯಾಗಿಯೇ ತಂದು ನಿನ್ನ ಫಿಲ್ಟರಿಗೆ ಸೇರಿಸು. ಎಷ್ಟೋ ದಿನಗಳ ಕಾಯುವಿಕೆ ಉಳಿಯುತ್ತದೆ.

ಎರಡು ಮೂರು ವಾರಕ್ಕೆ ಅಮೋನಿಯಾ ಇಳಿದು ನೈಟ್ರೈಟ್ ಏರುತ್ತದೆ. ಗೆದ್ದೆವು ಎಂದು ಹಲವರು ಕೈಬಿಡುವುದು ಆಗಲೇ. ನೈಟ್ರೈಟ್ ರಕ್ತಕ್ಕೆ ಸೇರಿದರೆ ರಕ್ತ ಆಮ್ಲಜನಕ ಹೊರಲಾರದೆ ಕಂದಾಗುತ್ತದೆ, ಗಾಳಿಯ ಗುಳ್ಳೆ ಎಷ್ಟು ಬಂದರೂ ಮೀನು ಉಸಿರಿಗೆ ಒದ್ದಾಡುತ್ತದೆ. ಅಯೋಡಿನ್ ಇಲ್ಲದ ಹರಳುಪ್ಪನ್ನು ಲೀಟರಿಗೆ ಒಂದು ಗ್ರಾಮಿನಂತೆ ಕರಗಿಸಿ ಹಾಕು. ಅದರ ಕ್ಲೋರೈಡ್ ನೈಟ್ರೈಟನ್ನು ಕಿವಿರಿನೊಳಗೆ ನುಗ್ಗದಂತೆ ತಡೆಯುತ್ತದೆ. ಮರುದಿನ ನೀರು ಬದಲಿಸುವಾಗ ಹೊಸ ನೀರಿನ ಲೆಕ್ಕಕ್ಕಷ್ಟೇ ಉಪ್ಪು.

ಫಿಲ್ಟರನ್ನು ರಾತ್ರಿ ಆರಿಸಬೇಡ, ಆ ಜೀವಿಗಳಿಗೂ ಉಸಿರು ಬೇಕು. ಕರೆಂಟು ಹೋಗಿ ಬಹಳ ಹೊತ್ತಾದರೆ ತಂಬಿಗೆಯಲ್ಲಿ ಅದೇ ನೀರನ್ನು ಎತ್ತಿ ಎತ್ತರದಿಂದ ಸುರಿಯುತ್ತಿರು. ಸ್ಪಂಜು ಕಂದಾಗಿದೆ ಎಂದು ನಳದ ಕೆಳಗೆ ತೊಳೆದರೆ ಪಟ್ಟ ಪಾಡೆಲ್ಲ ಹೋಯಿತು, ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲೇ ಮೆಲ್ಲಗೆ ಹಿಂಡು. ಮೀನು ಬಾಡಿತೆಂದು ಯಾರೋ ಹೇಳಿದ ನೀಲಿ ಔಷಧ ಹಾಕಬೇಡ, ಅದು ಸ್ಪಂಜಿನ ಜೀವವನ್ನೂ ತೆಗೆಯುತ್ತದೆ. ಅರಿಶಿನವೂ ಬೇಡ. ಖಂಡೋಬ ದೇವರ ಭಂಡಾರದ ಅರಿಶಿನ ನಿನ್ನ ಹಣೆಯ ಮೇಲಿರಲಿ, ನೀರಿಗೆ ಬೀಳದಿರಲಿ.

ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಯಾಗಿ ಒಂದು ವಾರ ಹಾಗೆಯೇ ನಿಂತರೆ ನೀರು ಪಳಗಿತು ಎಂದುಕೋ. ಆಮೇಲೆ ವಾರಕ್ಕೊಮ್ಮೆ ಕಾಲು ಭಾಗ ಬದಲಿಸಿದರೆ ಆಯಿತು. ಹೊಸ ಮೀನು ತರುವ ಆಸೆಯಾದರೆ ತಾ, ಆದರೆ ಒಮ್ಮೆಗೆ ಎರಡೇ. ಮತ್ತೆರಡು ತರುವ ಮೊದಲು ಎರಡು ವಾರ ಬಿಡು, ಸ್ಪಂಜಿನಲ್ಲಿರುವವು ಹೆಚ್ಚಿದ ಹೊರೆಗೆ ತಕ್ಕಷ್ಟು ಬೆಳೆದುಕೊಳ್ಳಲಿ.