ದೃಶ್ಯದ ಹೊಸ ಹರಿವು ಮತ್ತು ಸಾಮಾಜಿಕ

ಕಾವ್ಯವನ್ನು ದೃಶ್ಯ, ಶ್ರವ್ಯ ಎಂದು ವಿಂಗಡಿಸಿದ ಪ್ರಾಚೀನ ಆಲಂಕಾರಿಕರು, ನಾಟಕವನ್ನು ನೋಡಿ ರಸಾಸ್ವಾದ ಮಾಡುವವನನ್ನು 'ಸಾಮಾಜಿಕ'ನೆಂದು ಕರೆದರು. ಇಲ್ಲಿ ಸಮಾಜವೆಂದರೆ ಕೂಡಿದ ಜನ, ಸಭೆ. ಆ ಸಭೆಯಲ್ಲಿ ಒಬ್ಬನಾಗಿ ಕುಳಿತು ನೋಡುವವನೇ ಸಾಮಾಜಿಕ. ನೋಟವು ನೆರೆದವರೊಡನೆ ನಡೆಯತಕ್ಕದ್ದೆಂಬ ಭಾವನೆ ಈ ಹೆಸರಿನಲ್ಲಿಯೇ ಅಡಗಿದೆ. ದೂರದರ್ಶನದ ಧಾರಾವಾಹಿಗಳನ್ನು ಅಂತರ್ಜಾಲದ ಮೂಲಕ, ಅಂಗೈಯ ಮೊಬೈಲಿನಲ್ಲಿ, ಬೇಕಾದ ಹೊತ್ತಿಗೆ ನೋಡುವ ರೂಢಿ ಹಬ್ಬಿರುವ ಇಂದು, ಈ ಹೆಸರಿನ ಅರ್ಥವನ್ನು ಮತ್ತೊಮ್ಮೆ ವಿಚಾರಿಸುವುದು ಉಚಿತವಾಗಿದೆ.

ತುಮಕೂರು ಸೀಮೆಗೆ ಈ ಅರ್ಥ ಹೊಸದೇನಲ್ಲ. ಮೂಡಲಪಾಯ ಯಕ್ಷಗಾನ ಇರುಳಿಡೀ ನಡೆದಾಗ ಊರಿಗೆ ಊರೇ ಬಯಲಿನಲ್ಲಿ ಕುಳಿತು ನೋಡಿ, ಮಂಗಳವಾದ ಮೇಲೆ ಏಳುತ್ತಿತ್ತು. 1981ರಲ್ಲಿ ಬೆಂಗಳೂರಿನಲ್ಲಿ ದೂರದರ್ಶನ ಆರಂಭವಾಯಿತು. 1987-88ರಲ್ಲಿ ಭಾನುವಾರದ ಬೆಳಗ್ಗೆ 'ರಾಮಾಯಣ' ಪ್ರಸಾರವಾಗುತ್ತಿದ್ದಾಗ, ಟಿ.ವಿ. ಇದ್ದವರ ಪಡಸಾಲೆಯೇ ನೆರೆಹೊರೆಯವರಿಗೆ ರಂಗಮಂಟಪವಾಯಿತು. 1998ರಲ್ಲಿ ಟಿ.ಎನ್. ಸೀತಾರಾಮ್ ಅವರ 'ಮಾಯಾಮೃಗ' ಬಂದಾಗಲೂ ಕಥೆಗೊಂದು ನಿಯತವಾದ ವೇಳೆಯಿತ್ತು. ಆ ವೇಳೆಗೆ ಮನೆಯವರೆಲ್ಲ ಒಂದೆಡೆ ಸೇರುತ್ತಿದ್ದರು.

ಆ ಪ್ರಸಾರ ಮಳೆಯಂತಿತ್ತು; ಸುರಿದಾಗಲೇ ಹಿಡಿದುಕೊಳ್ಳಬೇಕು. 'ಸ್ಟ್ರೀಮಿಂಗ್' ಎಂಬ ಈಗಿನ ಕ್ರಮವಾದರೋ ಬೋರನಕಣಿವೆಯ ಕಟ್ಟೆಯಂತಹುದು. ಸುವರ್ಣಮುಖಿಯ ನೀರು ಕಟ್ಟೆಯ ಹಿಂದೆ ನಿಂತಿದ್ದು, ತೂಬೆತ್ತಿದಾಗ ಕಾಲುವೆಗೆ ಹರಿಯುತ್ತದೆ. ಹಾಗೆಯೇ ಕಾರ್ಯಕ್ರಮವು ದೂರದ ಗಣಕಯಂತ್ರಗಳಲ್ಲಿ ಸಂಗ್ರಹವಾಗಿದ್ದು, ನೋಡುಗನು ಬೇಡಿದೊಡನೆ ಕೆಲವೇ ಸೆಕೆಂಡುಗಳ ತುಣುಕುಗಳಾಗಿ ಹರಿದುಬರುತ್ತದೆ. ಸಂಪರ್ಕ ಕ್ಷೀಣಿಸಿದರೆ ಚಿತ್ರ ಮಸುಕಾಗುತ್ತದೆ, ಇಲ್ಲವೆ ನಿಂತುಹೋಗುತ್ತದೆ. ವ್ಯತ್ಯಾಸವಿಷ್ಟೆ: ಕಟ್ಟೆಯ ತೂಬು ಊರಿಗೆಲ್ಲ ಸೇರಿದ್ದು, ಇಲ್ಲಿ ಒಬ್ಬೊಬ್ಬನಿಗೂ ಒಂದೊಂದು ತೂಬು.

2016ರಲ್ಲಿ ನೆಟ್‌ಫ್ಲಿಕ್ಸ್, ಅಮೆಜಾನ್ ಪ್ರೈಮ್ ವಿಡಿಯೋಗಳು ಭಾರತಕ್ಕೆ ಕಾಲಿಟ್ಟವು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಬಂದ ಜಿಯೋ ಡೇಟಾದ ಬೆಲೆಯನ್ನು ಇಳಿಸಿ, ಈ ನೋಟವನ್ನು ಹಳ್ಳಿಗೂ ಎಟುಕಿಸಿತು. 2020ರ ಲಾಕ್‌ಡೌನ್ ಕಾಲದಲ್ಲಿ ರೂಢಿ ಬಲಿಯಿತು.

ಇದರ ಉಪಕಾರವನ್ನು ಅಲ್ಲಗಳೆಯಲಾಗದು. ಗೃಹಿಣಿ ಕೆಲಸ ಮುಗಿದ ಬಳಿಕ, ತಪ್ಪಿಹೋದ ಕಂತನ್ನು ನೋಡಬಲ್ಲಳು. ರಾತ್ರಿ ಮೂರು ಫೇಸ್ ಕರೆಂಟಿಗಾಗಿ ಕಾದು ತೋಟಕ್ಕೆ ನೀರು ಹಾಯಿಸುವ ರೈತನಿಗೆ ಜೊತೆಯೊಂದು ದೊರೆತಿದೆ. ಪರದೇಶದಲ್ಲಿರುವ ಕನ್ನಡಿಗನಿಗೆ ತಾಯ್ನುಡಿ ಕಿವಿಗೆ ಬೀಳುತ್ತದೆ. ಒಮ್ಮೆ ಪ್ರಸಾರವಾಗಿ ಮರೆಯಾಗಿದ್ದ 'ಮಾಯಾಮೃಗ' ಯೂಟ್ಯೂಬಿನಲ್ಲಿ ಮತ್ತೆ ಲಭ್ಯವಾಗಿ, ಅದು ಮೊದಲು ಬಂದಾಗ ಹುಟ್ಟಿಯೇ ಇರದಿದ್ದವರಿಗೂ ಒದಗಿತು.

ಆದರೆ ಎರಡು ಹಾನಿಗಳನ್ನು ಗಮನಿಸಬೇಕು. ಮೊದಲನೆಯದು ಕಾಯುವಿಕೆಯ ನಷ್ಟ. ತಿಪಟೂರು ಸೀಮೆಯವರು ಕಾಯನ್ನು ಅಟ್ಟದಲ್ಲಿ ತಿಂಗಳುಗಟ್ಟಲೆ ಇರಿಸುತ್ತಾರೆ. ಒಳಗಿನ ನೀರು ಇಂಗಿದ ಮೇಲೆಯೇ ಅದು ಉಂಡೆ ಕೊಬ್ಬರಿಯಾಗುತ್ತದೆ. ಕಂತಿಗೂ ಕಂತಿಗೂ ನಡುವಣ ಬಿಡುವಿನಲ್ಲಿ ಕಥೆಯೂ ಹಾಗೆ ಮನಸ್ಸಿನಲ್ಲಿ ಮಾಗುತ್ತಿತ್ತು. ಜಗಲಿಯಲ್ಲಿ ಪಾತ್ರಗಳ ಸರಿತಪ್ಪುಗಳ ಚರ್ಚೆ ನಡೆಯುತ್ತಿತ್ತು. ಹತ್ತು ಕಂತುಗಳನ್ನು ಒಂದೇ ರಾತ್ರಿ ನೋಡಿ ಮುಗಿಸಿದವನಿಗೆ ಆ ಅವಕಾಶವಿಲ್ಲ. ಒಂದು ಕಂತು ಮುಗಿಯುತ್ತಲೇ ಮುಂದಿನದು ತಾನೇ ತೊಡಗುತ್ತದೆ. ಈ ಆಟಕ್ಕೆ ಮಂಗಳವೇ ಇಲ್ಲ. ಎರಡನೆಯದು ಆಯ್ಕೆಯ ನಷ್ಟ. ನೋಡಿದ್ದನ್ನು ಗುರುತಿಟ್ಟುಕೊಂಡು ಅದನ್ನೇ ಹೋಲುವುದನ್ನು ಯಂತ್ರ ಮುಂದಿಡುತ್ತದೆ. ಅಭಿರುಚಿ ಬೆಳೆಯುವುದು ಅಪರಿಚಿತವಾದುದರ ಪರಿಚಯದಿಂದ. ಬಲ್ಲುದನ್ನೇ ಮತ್ತೆ ಮತ್ತೆ ಉಣ್ಣುವುದರಿಂದಲ್ಲ.

ಕನ್ನಡದ ಸ್ಥಾನವನ್ನೂ ಇಲ್ಲಿ ವಿಚಾರಿಸಬೇಕು. ರಕ್ಷಿತ್ ಶೆಟ್ಟಿಯವರು ಪ್ರಸ್ತುತಪಡಿಸಿದ, ಕರಾವಳಿಯ ಬದುಕನ್ನು ಕುರಿತ ಏಳು ಕಥೆಗಳ ಸರಣಿ 'ಏಕಂ' ದೊಡ್ಡ ವೇದಿಕೆಗಳಲ್ಲಿ ಎಡೆ ದೊರೆಯದೆ, 2024ರ ಜುಲೈನಲ್ಲಿ ಸ್ವಂತ ಜಾಲತಾಣದಲ್ಲಿ ತೆರೆಕಂಡಿತು. 2025ರ ಏಪ್ರಿಲಿನಲ್ಲಿ ಜೀ5 ವೇದಿಕೆಯಲ್ಲಿ ಕನ್ನಡದ 'ಅಯ್ಯನ ಮನೆ' ಬಂದುದು ಸಮಾಧಾನದ ಸಂಗತಿ. ಈ ವೇದಿಕೆಗಳು ನೋಡುಗರ ಎಣಿಕೆಯನ್ನು ನೋಡಿ ನಡೆಯುವಂತಹವು. ಕನ್ನಡಿಗರೇ ಕನ್ನಡವನ್ನು ಆರಿಸದಿದ್ದರೆ ಅನ್ಯರನ್ನು ದೂರಿ ಫಲವಿಲ್ಲ.

ಯಂತ್ರವನ್ನು ಮನೆಯಿಂದ ಹೊರಹಾಕುವುದು ಪರಿಹಾರವಲ್ಲ. ತೂಬಿನ ಮೇಲೆ ಹಿಡಿತವಿರಬೇಕು. ವಾರಕ್ಕೊಮ್ಮೆಯಾದರೂ ಮನೆಯವರೆಲ್ಲ ಕೂಡಿ ಒಂದೇ ತೆರೆಯ ಮುಂದೆ ಕನ್ನಡದ ಒಂದು ಉತ್ತಮ ಕೃತಿಯನ್ನು ನೋಡಲಿ; ಮುಗಿದೊಡನೆ ಅದನ್ನು ನಿಲ್ಲಿಸಿ ನಾಲ್ಕು ಮಾತನಾಡಲಿ. ಉಪಾಧ್ಯಾಯರು ತರಗತಿಯಲ್ಲಿ ಒಂದು ಕಂತನ್ನು ತೋರಿಸಿ, ಅದರ ಸಂವಿಧಾನ, ಸಂಭಾಷಣೆ, ಪಾತ್ರಗಳ ಔಚಿತ್ಯಗಳನ್ನು ಕುರಿತು ವಿದ್ಯಾರ್ಥಿಗಳಿಂದ ಬರೆಸಲಿ. ಹಿರಿಯ ವಿದ್ಯಾರ್ಥಿಗಳೂ ದಾನಿಗಳೂ ಶಾಲೆಗೊಂದು ದೊಡ್ಡ ತೆರೆಯನ್ನೂ ಸಮರ್ಪಕವಾದ ಸಂಪರ್ಕವನ್ನೂ ಒದಗಿಸಿದರೆ ಅದು ಸಾರ್ಥಕವಾದ ದಾನವೆನಿಸುವುದು. ಕೂಡಿ ನೋಡಿ, ಕೂಡಿ ವಿಚಾರಿಸುವ ಅಭ್ಯಾಸ ಎಳವೆಯಲ್ಲಿಯೇ ನೆಲೆಗೊಂಡರೆ, ಮೊಬೈಲು ಹಿಡಿದ ಮಗುವೂ ಸಾಮಾಜಿಕನಾಗಿ ಬೆಳೆಯುವುದರಲ್ಲಿ ಸಂದೇಹವಿಲ್ಲ.