ಕಪ್ಪು ಕಪಾಟಿನ ಕ್ರಯ

ಕಾರ್ಕಳದ ಸುತ್ತಣ ಗುತ್ತಿನ ಮನೆಗಳಲ್ಲಿಯೂ ಕಾಪುವಿನ ಕಡಲಂಚಿನ ಹಂಚಿನ ಮನೆಗಳಲ್ಲಿಯೂ ತಲೆಮಾರುಗಳ ಕಾಲ ಅಲುಗದೆ ನಿಂತಿದ್ದ ಮಂಚ, ಮೇಜು, ಕಪಾಟುಗಳು ಇಂದು ಮೊಬೈಲಿನ ಪರದೆಯ ಮೇಲೆ, ಹಳೆಯ ಸ್ಕೂಟರುಗಳ ಮತ್ತು ಬಾಡಿಗೆ ಕೊಠಡಿಗಳ ಜಾಹೀರಾತುಗಳ ನಡುವೆ, ಮಾರಾಟಕ್ಕೆ ಬಂದಿರುವುದು ಆಕಸ್ಮಿಕವಲ್ಲ. 1974ರ ಭೂಸುಧಾರಣೆಯ ತರುವಾಯ ಗೇಣಿಯ ಅಕ್ಕಿ ನಿಂತು, ಕುಟುಂಬಗಳು ಪಾಲಾಗಿ, ಮಕ್ಕಳು ಮುಂಬಯಿಗೂ ಕೊಲ್ಲಿ ರಾಷ್ಟ್ರಗಳಿಗೂ ಹೊರಟುಹೋದ ಮೇಲೆ ದೊಡ್ಡ ಮನೆಗಳನ್ನು ನಿರ್ವಹಿಸುವ ಶಕ್ತಿ ಉಳಿದವರಿಗೆ ಇರಲಿಲ್ಲ; ಚಾವಡಿಯ ಮಂಚವು ಫ್ಲ್ಯಾಟಿನ ಬಾಗಿಲಲ್ಲಿ ಹಿಡಿಸುವಂತೆಯೂ ಇರಲಿಲ್ಲ. ಈ ವಿನಾಶವನ್ನು ಕಂಡು ವ್ಯಥಿತರಾದ ವಿಜಯನಾಥ ಶೆಣೈಯವರು, ನೆಲಸಮವಾಗಲಿದ್ದ ಮನೆಗಳನ್ನೇ ಬಿಚ್ಚಿ ತಂದು ಮಣಿಪಾಲದಲ್ಲಿ ಮರಳಿ ನಿಲ್ಲಿಸಿ, ಹಸ್ತಶಿಲ್ಪ ಪಾರಂಪರಿಕ ಗ್ರಾಮವನ್ನು ನಿರ್ಮಿಸಿ ಹೋದರು. ಅಂತಹ ಮಹಾಕಾರ್ಯ ಸಾಮಾನ್ಯ ಗೃಹಸ್ಥನಿಗೆ ಅಸಾಧ್ಯವಾದರೂ, ಒಂದು ಕಪಾಟು ಗುಜರಿಯ ಪಾಲಾಗದಂತೆ ನೋಡಿಕೊಳ್ಳುವುದು ನಮ್ಮಿಂದ ಆಗದ ಮಾತಲ್ಲ.

ಮಣಿಪಾಲದ ಜಾಹೀರಾತುಗಳ ಸ್ವಭಾವವೇ ಬೇರೆ. ಅಲ್ಲಿ ವ್ಯಾಸಂಗ ಮುಗಿಸಿ ಊರಿಗೆ ಹೊರಟ ವಿದ್ಯಾರ್ಥಿಗಳು ಮಾರುವ ಮೇಜುಗಳು ಅಗ್ಗವೇ ಹೌದು. ಆದರೆ ಮರದ ಪುಡಿಯನ್ನು ಒತ್ತಿ ಮಾಡಿದ ಆ ಹಲಗೆಗಳು ನಮ್ಮ ಮಳೆಗಾಲದ ತೇವಕ್ಕೆ ಉಬ್ಬಿ ಬಿರಿಯುತ್ತವೆ.

ನಾನು ಅರಸುತ್ತಿದ್ದುದು ಗಟ್ಟಿ ಮರದ ಕಪಾಟನ್ನು. ಜಾಹೀರಾತಿನ ಚಿತ್ರದಲ್ಲಿ ಕಾಣುವುದು ಪಾಲಿಶೇ ಹೊರತು ಮರವಲ್ಲ. ಬಣ್ಣ ಹಚ್ಚಿದ ಹಲಸು ಚಿತ್ರದಲ್ಲಿ ಬೀಟೆಯಂತೆಯೇ ತೋರುತ್ತದೆ. ಆದುದರಿಂದ ಪರಿಚಿತ ಆಚಾರಿಯೊಬ್ಬರನ್ನು, ಅವರ ಅರ್ಧ ದಿನದ ಕೂಲಿಯನ್ನು ಕೊಟ್ಟು, ಜೊತೆಗೆ ಕರೆದೊಯ್ಯುವುದನ್ನು ನಾನು ರೂಢಿಸಿಕೊಂಡೆ. ಅವರು ಮೊದಲು ನೋಡುವುದು ಡ್ರಾಯರನ್ನು ಹೊರಗೆಳೆದು ಅದರ ತಳವನ್ನು, ಏಕೆಂದರೆ ಅಲ್ಲಿಗೆ ಯಾರೂ ಪಾಲಿಶ್ ಹಚ್ಚಿರುವುದಿಲ್ಲ. ಬಳಿಕ ಕಾಲುಗಳ ಬುಡ ಕುಂಬಾಗಿದೆಯೇ, ಕುಟ್ಟೆ ಹಿಡಿದು ಹಿಟ್ಟಿನಂತಹ ಪುಡಿ ಉದುರುತ್ತಿದೆಯೇ, ಮೊಳೆಯಿಲ್ಲದೆ ಮರದೊಳಗೆ ಮರ ಕೂರಿಸಿ ಜಡಿದ ಸಂಧಿಗಳು ಸಡಿಲಾಗಿವೆಯೇ ಎಂಬುದನ್ನು ನೋಡುತ್ತಾರೆ. ಕಾಪುವಿನ ಕಡೆಯ ಸಾಮಾನಾದರೆ ಉಪ್ಪುಗಾಳಿಗೆ ಬಿಜಾಗರಿಗಳು ತುಕ್ಕು ಹಿಡಿದಿರುವುದೇ ಹೆಚ್ಚು. ಅವನ್ನು ಬದಲಾಯಿಸುವ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ಕಾರ್ಕಳದ ಸಮೀಪದ ಮನೆಯೊಂದರಲ್ಲಿ, ‘ಹಳೆ ಮರದ ಕಪಾಟು, 9,000 ರೂಪಾಯಿ’ ಎಂಬ ಜಾಹೀರಾತಿನ ಕಪಾಟಿನ ತಳವನ್ನು ನೋಡಿದ ಆಚಾರಿಯವರು, ಮನೆಯೊಡತಿಯಾದ ವೃದ್ಧೆಯ ಎದುರಿಗೇ, “ಇದು ಅಪ್ಪಟ ಬೀಟೆ ಅಮ್ಮ” ಎಂದುಬಿಟ್ಟರು. “ಹೌದಾ? ನಮ್ಮಲ್ಲಿ ಎಲ್ಲರೂ ಕಪ್ಪು ಕಪಾಟು ಅಂತಲೇ ಹೇಳುವುದು ಮಾರಾಯ್ರೆ” ಎಂದು ಆಕೆ ಬೆರಗಾದರು. ಆಚಾರಿಯವರು ನುಡಿದುದೇ ಸರಿಯೆಂದು ನನಗೆ ಅಂದೂ ಅನ್ನಿಸಿತು, ಇಂದೂ ಅನ್ನಿಸುತ್ತದೆ: ತಮ್ಮ ವಸ್ತುವಿನ ಮೌಲ್ಯವನ್ನರಿಯದ ವೃದ್ಧರಿಂದ ದಕ್ಕಿಸಿಕೊಂಡ ಅಗ್ಗವು ಉಳಿತಾಯವೆನಿಸುವುದಿಲ್ಲ. ಕ್ರಯ 14,000ಕ್ಕೆ ನಿಶ್ಚಯವಾಯಿತು. ಟೆಂಪೋ ಬಾಡಿಗೆಯೂ ಹೊರುವವರ ಕೂಲಿಯೂ ಸೇರಿ 2,200, ದುರಸ್ತಿಗೂ ಅರಗಿನ ಪಾಲಿಶಿಗೂ 5,500. ಒಟ್ಟು 21,700 ರೂಪಾಯಿ. ಅಷ್ಟೇ ಗಾತ್ರದ ಹೊಸ ಪ್ಲೈವುಡ್ ಕಪಾಟಿಗೆ ಉಡುಪಿಯ ಅಂಗಡಿಯೊಂದರಲ್ಲಿ 22,000 ಹೇಳಿದ್ದರು.

ಹಾಗಾದರೆ ಉಳಿದುದೇನು ಎಂದು ಕೇಳುವವರಿಗೆ ನನ್ನ ಉತ್ತರವಿಷ್ಟೆ. 1906ರಲ್ಲಿ ಕಾರ್ಪೊರೇಶನ್ ಬ್ಯಾಂಕಿಗೂ 1925ರಲ್ಲಿ ಸಿಂಡಿಕೇಟ್ ಬ್ಯಾಂಕಿಗೂ ಜನ್ಮವಿತ್ತ ಉಡುಪಿಯ ಜನರಿಗೆ ಅಸಲಿನ ಅರ್ಥವನ್ನು ಯಾರೂ ಕಲಿಸಬೇಕಾಗಿಲ್ಲ. ಪ್ಲೈವುಡ್ ಕಪಾಟು ಅಂಗಡಿಯ ಮೆಟ್ಟಿಲಿಳಿದ ಕ್ಷಣದಿಂದಲೇ ತನ್ನ ಅಸಲನ್ನು ಕಳೆದುಕೊಳ್ಳತೊಡಗುತ್ತದೆ. ಬೀಟೆಯದಾದರೋ ನಾಳೆ ಮಾರಹೊರಟರೂ ಕ್ರಯದ ಬಹುಭಾಗವನ್ನು ಮರಳಿಸುವ ಶಕ್ತಿಯುಳ್ಳದ್ದು. ಕಳೆದುಹೋಗುವುದು ಸಾಗಣೆಯ ಮತ್ತು ದುರಸ್ತಿಯ ಹಣ ಮಾತ್ರ. ಆದಕಾರಣ ಚೌಕಾಸಿ ಮಾಡುವುದಾದರೆ ಟೆಂಪೋದವನೊಡನೆ ಮಾಡಬೇಕು, ಸಾಧ್ಯವಾದರೆ ಬೇರೆ ಸರಕನ್ನಿಳಿಸಿ ಬರಿದಾಗಿ ಮರಳುವ ಗಾಡಿಯನ್ನು ಹಿಡಿಯಬೇಕು.

ವಸ್ತುವನ್ನು ಕಣ್ಣಾರೆ ಕಾಣುವ ಮುನ್ನ ಮುಂಗಡ ಕೊಡತಕ್ಕದ್ದಲ್ಲ. ತಾನು ಸೈನ್ಯದಲ್ಲಿರುವೆನೆಂದೂ ವರ್ಗವಾಗಿರುವುದರಿಂದ ಅವಸರವಿದೆಯೆಂದೂ ನಂಬಿಸಿ ಹಣ ಕೀಳುವ ವಂಚಕರು ಇಂತಹ ಜಾಹೀರಾತುಗಳಲ್ಲಿ ಹಲವರಿದ್ದಾರೆ. ನಮ್ಮ ಹಳೆಯ ಸಾಮಾನನ್ನು ಮಾರುವಾಗಲೂ, ಹಣ ಪಡೆಯುವುದಕ್ಕೆ ಯುಪಿಐ ಪಿನ್ ಒತ್ತುವ ಅಗತ್ಯವೇ ಇಲ್ಲವೆಂಬುದು ನೆನಪಿರಬೇಕು. ಮೋಸ ಹೋದವರು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರವಾಣಿ ಮಾಡಬೇಕು.

ಇನ್ನೊಂದು ವಿಷಯ ನಮ್ಮ ಜಿಲ್ಲೆಗೆ ವಿಶೇಷವಾಗಿ ಸಲ್ಲುವಂಥದು. ಪಾಲಾದ ಮನೆಯ ಸಾಮಾನು ಯಾರ ಪಾಲಿಗೆ ಸೇರಿದ್ದೆಂಬುದನ್ನು ವಿಚಾರಿಸದೆ ಕೊಂಡರೆ, ಮುಂಬಯಿಯಲ್ಲಿರುವ ಸೋದರರ ಆಕ್ಷೇಪ ಮರುದಿನವೇ ಬರಬಹುದು. ಕಪ್ಪು ಕಪಾಟಿನಲ್ಲಿ ತಂಗಿಗೂ ಹಕ್ಕಿದೆಯೆಂದು ಆ ವೃದ್ಧೆ ತಾವಾಗಿಯೇ ತಿಳಿಸಿದರು. ತಂಗಿಯ ಸಮ್ಮತಿ ಫೋನಿನಲ್ಲಿ ದೊರೆತು, ಇಬ್ಬರ ಹೆಸರಿಗೂ ಸಮನಾಗಿ ಹಣ ಕಳುಹಿಸಿ, ರಶೀದಿ ಬರೆಸಿಕೊಂಡ ಬಳಿಕವೇ ನಾವು ಟೆಂಪೋ ಕರೆಸಿದೆವು.