ಅಡಿಗೆ ಮನೆಯ ಹಳೆಯ ಕಪಾಟು: ಕಡಿಮೆ ಖರ್ಚಿನಲ್ಲಿ ನವೀಕರಣ

ಹಲವು ರೈತರ ಮನೆಗಳಲ್ಲಿ ತೇಗ ಅಥವಾ ಹಲಸಿನ ಮರದ ಕಪಾಟು ಎರಡು ತಲೆಮಾರಿನಿಂದ ಅಡಿಗೆ ಮನೆಯಲ್ಲಿರುತ್ತದೆ. ಹೊಗೆ, ಎಣ್ಣೆ ಜಿಡ್ಡಿನಿಂದ ಕಪ್ಪಾದ ಮಾತ್ರಕ್ಕೆ ಅದನ್ನು ಬಿಸಾಡಬೇಕಾಗಿಲ್ಲ. ಆದರೆ ಮೊದಲೇ ಬಣ್ಣದ ಡಬ್ಬಿ ತರಬೇಡಿ. ಮರವನ್ನು ಪರೀಕ್ಷಿಸದೆ ಬಣ್ಣ ಹಚ್ಚಿದರೆ ಹಣ ವ್ಯರ್ಥವಾಗುತ್ತದೆ.

ಪರೀಕ್ಷೆ

ಕಪಾಟನ್ನು ಬರಿದು ಮಾಡಿ ಗೋಡೆಯಿಂದ ಸರಿಸಿರಿ. ಹಿಂಬದಿ ಮತ್ತು ಕಾಲುಗಳನ್ನು ಚೂರಿಯ ಮೊನೆಯಿಂದ ಚುಚ್ಚಿ ನೋಡಿರಿ. ಮೊನೆ ಸಲೀಸಾಗಿ ಇಳಿದರೆ ಆ ಹಲಗೆ ಟೊಳ್ಳಾಗಿದೆಯೆಂದು ತಿಳಿಯಿರಿ. ಮಣ್ಣಿನ ಸಾಲು ಕಂಡರೆ ಗೆದ್ದಲು. ಸಣ್ಣ ದುಂಡು ತೂತುಗಳಿಂದ ಹಿಟ್ಟಿನಂಥ ಪುಡಿ ಉದುರಿದರೆ ಮರ ಕೊರೆಯುವ ಹುಳು. ಈ ಹುಳು ಚೇಗನ್ನು ಬಿಟ್ಟು ಹೊರಗಿನ ಬಿಳಿ ಭಾಗವನ್ನೇ ಹೆಚ್ಚಾಗಿ ತಿನ್ನುತ್ತದೆ. ಪುಡಿಯನ್ನು ಒರೆಸಿ, ಕೆಳಗೆ ಕಪ್ಪು ಬಟ್ಟೆ ಹಾಸಿ, ಎರಡು ವಾರ ಕಾಯಿರಿ. ಮತ್ತೆ ಪುಡಿ ಬಿದ್ದರೆ ಹುಳು ಜೀವಂತವಾಗಿದೆ. ಆ ಹಲಗೆಯನ್ನು ಬದಲಾಯಿಸಿರಿ.

ಗೆದ್ದಲಿಗೆ ತೇವ ಬೇಕು. ಗೋಡೆ ಸೋರುತ್ತಿದ್ದರೆ ಮೊದಲು ಅದನ್ನು ಸರಿಪಡಿಸಿ, ಕಾಲುಗಳ ಕೆಳಗೆ ಕಲ್ಲು ಕೊಟ್ಟು, ಗೋಡೆಯಿಂದ ಎರಡು ಅಂಗುಲ ದೂರ ಇಡಿರಿ. ಬೆಳೆಗೆಂದು ತಂದ ಕೀಟನಾಶಕವನ್ನು ಯಾವ ಕಾರಣಕ್ಕೂ ಕಪಾಟಿಗೆ ಬಳಿಯಬಾರದು. ಆಹಾರವಿಡುವ ಜಾಗದಲ್ಲಿ ಅದು ವಿಷ.

ಹಳೆಯ ಬಣ್ಣದ ಎಚ್ಚರಿಕೆ

ಮನೆಬಳಕೆಯ ಬಣ್ಣದಲ್ಲಿ ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸ ಇರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಯಾದದ್ದು 2017ರಲ್ಲಿ. ಅದಕ್ಕೂ ಹಿಂದಿನ ಬಣ್ಣದಲ್ಲಿ ಸೀಸ ಹೆಚ್ಚಿರಬಹುದು. ಅದರ ಧೂಳು ಮಕ್ಕಳ ಮಿದುಳಿನ ಬೆಳವಣಿಗೆಗೆ ಮಾರಕ. ಆದ್ದರಿಂದ ಒಣದಾಗಿ ಕೆರೆಯಬೇಡಿ. ಮನೆಯ ಹೊರಗೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ನೀರು ಚಿಮುಕಿಸುತ್ತ ಉಜ್ಜಿರಿ. ಮಕ್ಕಳು, ಗರ್ಭಿಣಿಯರು ಹತ್ತಿರ ಬರಬಾರದು. ಕೆರೆದ ಚೂರುಗಳನ್ನು ತಿಪ್ಪೆಗೆ ಹಾಕಬೇಡಿ. ದನಕರು ನೆಕ್ಕಿದರೆ ಅಪಾಯ. ಬಣ್ಣದ ಹಲಗೆಯನ್ನು ಒಲೆಗೂ ಹಾಕಬಾರದು.

ಕೆಲಸದ ಕ್ರಮ

1. ವಾಷಿಂಗ್ ಸೋಡಾ ಬೆರೆಸಿದ ಬಿಸಿ ನೀರಿನಿಂದ ಜಿಡ್ಡು ತೆಗೆದು, ಶುದ್ಧ ನೀರಿನಲ್ಲಿ ಒರೆಸಿ, ನೆರಳಿನಲ್ಲಿ ಪೂರ್ಣ ಒಣಗಿಸಿರಿ.
2. ಬಾಗಿಲಿನ ಕೀಲು ಸಡಿಲವಾಗಿದ್ದರೆ ತಿರುಪಿನ ತೂತಿಗೆ ಅಂಟು ಸವರಿದ ಬಿದಿರಿನ ಕಡ್ಡಿ ತುರುಕಿ, ಒಣಗಿದ ಬಳಿಕ ತಿರುಪು ಬಿಗಿಯಿರಿ.
3. ಬಿರುಕುಗಳಿಗೆ ಮರದ ಪುಡಿ ಮತ್ತು ಅಂಟು ಕಲಸಿ ತುಂಬಿರಿ.
4. ಮರಳು ಕಾಗದದಿಂದ ನಯಮಾಡಿ, ಒಂದು ಸಲ ಪ್ರೈಮರ್, ಎರಡು ಸಲ ಎನಾಮಲ್ ಬಣ್ಣ ಹಚ್ಚಿರಿ. ಪ್ರತಿ ಲೇಪವೂ ಚೆನ್ನಾಗಿ ಒಣಗಬೇಕು.
5. ಬಣ್ಣದ ವಾಸನೆ ಪೂರ್ತಿ ಹೋಗುವ ತನಕ ಕಾಳು, ಹಿಟ್ಟು ಇಡಬೇಡಿ.

ಒಂದು ಬಾಗಿಲಿನ ನಡುವಿನ ಹಲಗೆ ತೆಗೆದು ತಂತಿ ಜಾಲರಿ ಹಾಕಿಸಿದರೆ ಗಾಳಿ ಆಡಿ ಮುಗ್ಗಲು ವಾಸನೆ ಕಡಿಮೆಯಾಗುತ್ತದೆ.

ಹಣ ಸಾಲದಿದ್ದರೆ ಬಣ್ಣವನ್ನು ಮುಂದಿನ ಸುಗ್ಗಿಗೆ ಬಿಡಿ. ತೇವ ಮತ್ತು ಹುಳುವಿನ ಕೆಲಸವನ್ನು ಮಾತ್ರ ಈಗಲೇ ಮುಗಿಸಿರಿ. ಗಟ್ಟಿ ಮರ ಬಣ್ಣಕ್ಕಾಗಿ ಕಾಯಬಲ್ಲುದು. ಗೆದ್ದಲು ಯಾರಿಗಾಗಿಯೂ ಕಾಯುವುದಿಲ್ಲ.